ಬಟನ್ ಇನ್ನೂ ಅರ್ಧ ಇದೆ, ಆದರೂ ಟೈರ್ ಬದಲಿಸಬೇಕೇ?

ಪ್ರಶ್ನೆ: ನನ್ನದು 2018ರ ಸ್ವಿಫ್ಟ್ ವಿಎಕ್ಸ್‌ಐ. ಓಡಿರುವುದು 42,000 ಕಿ.ಮೀ. ಮಾತ್ರ. ಕಂಪನಿಯಿಂದ ಬಂದ ಟೈರುಗಳೇ ಇವೆ, ಬಟನ್ (ನೆಲಕ್ಕೆ ತಾಗುವ ಉಬ್ಬು ರಬ್ಬರು) ಇನ್ನೂ ಅರ್ಧ ಉಳಿದಿದೆ. ಪಂಕ್ಚರ್ ಅಂಗಡಿಯವರು ‘ಬದಿ ಸೀಳಿದೆ, ಬೇಸಿಗೆಗೆ ಮುಂಚೆ ತೆಗೆಸಿಬಿಡಿ’ ಅನ್ನುತ್ತಾರೆ. ರಾಯಚೂರಿನಲ್ಲಿ ಒಬ್ಬರ ಹತ್ತಿರ ಹೊಸ ಕಾರಿನಿಂದ ಬಿಚ್ಚಿದ ನಾಲ್ಕು ಟೈರ್ ಅರ್ಧ ಬೆಲೆಗೆ ಸಿಗುತ್ತಿವೆ, ಸೈಜ್ 185/65 ಆರ್15. ತೆಗೆದುಕೊಳ್ಳಬಹುದೇ?
— ಸಿಂಧನೂರಿನ ಓದುಗರು

ಉತ್ತರ: ಪಂಕ್ಚರ್ ಅಂಗಡಿಯವರ ಮಾತು ಸರಿ, ಟೈರ್ ತೆಗೆಸಿ. ರಾಯಚೂರಿನವು ಒಳ್ಳೆಯ ಮಾಲೇ ಇರಬಹುದು, ಆದರೆ ನಿಮ್ಮ ಗಾಲಿಗೆ ಕೂರುವುದಿಲ್ಲ.

ಮೊದಲು ಹಳೆಯ ಟೈರಿನ ವಯಸ್ಸು ನೋಡಿ. ಬದಿಯ ಮೇಲೆ ಡಿಒಟಿ ಎಂದು ಶುರುವಾಗುವ ಅಕ್ಷರಗಳ ಸಾಲಿದೆ. ಅದರ ಕೊನೆಯಲ್ಲಿ, ಉದ್ದನೆಯ ಚೌಕದೊಳಗೆ ನಾಲ್ಕು ಅಂಕಿ ಇರುತ್ತವೆ. 1418 ಎಂದಿದ್ದರೆ 2018ರ 14ನೇ ವಾರ, ಅಂದರೆ ಆ ವರ್ಷದ ಏಪ್ರಿಲ್. ಬಹಳಷ್ಟು ಟೈರುಗಳಲ್ಲಿ ಈ ಅಂಕಿ ಒಂದೇ ಬದಿಗೆ ಇರುತ್ತದೆ. ಹೊರಗೆ ಕಾಣದಿದ್ದರೆ ಕಾರಿನಡಿ ಬಗ್ಗಿ, ಮೊಬೈಲ್ ಬೆಳಕು ಬಿಟ್ಟು ಒಳಬದಿ ನೋಡಬೇಕು. ನಿಮ್ಮವಕ್ಕೆ ಏಳು ವರ್ಷ ದಾಟಿದೆ. ಐದು ವರ್ಷವಾದ ಮೇಲೆ ಪ್ರತಿ ವರ್ಷ ತಪಾಸಣೆ ಮಾಡಿಸಿ, ಎಷ್ಟೇ ಚೆನ್ನಾಗಿ ಕಂಡರೂ ಹತ್ತಕ್ಕೆ ಬದಲಿಸಿ ಎಂಬುದು ಟೈರ್ ತಯಾರಕರ ಮಾತು. ಹಲವು ಕಾರು ಕಂಪನಿಗಳು ಆರೇ ವರ್ಷಕ್ಕೆ ನಿಲ್ಲಿಸುತ್ತವೆ. ನಮ್ಮ ಕಡೆಯ ಬಿಸಿಲಿಗೆ ಆರೇ ಸರಿಯಾದ ಲೆಕ್ಕ.

ರಬ್ಬರಿಗೆ ವಯಸ್ಸಾಗುವುದು ಓಡಾಟದಿಂದ ಮಾತ್ರ ಅಲ್ಲ. ಶಾಖ, ಆಮ್ಲಜನಕ, ಓಝೋನ್ ಮೂರೂ ಸೇರಿ ಅದನ್ನು ಗಡುಸು ಮಾಡುತ್ತವೆ. ಇದನ್ನು ತಡೆಯಲೆಂದೇ ರಬ್ಬರಿನಲ್ಲಿ ಮೇಣದಂಥ ಪದಾರ್ಥ ಬೆರೆಸಿರುತ್ತಾರೆ. ಗಾಲಿ ಉರುಳಿ ಟೈರ್ ಬಾಗಿದಾಗೆಲ್ಲ ಅದು ಒಳಗಿನಿಂದ ಹೊರಮೈಗೆ ಬರುತ್ತದೆ. ಕಾರು ಹೆಚ್ಚು ಓಡದೆ ಅಂಗಳದ ಬಿಸಿಲಲ್ಲೇ ನಿಂತಿದ್ದರೆ ಮೇಣ ಮೇಲೆ ಬರುವುದೂ ಕಡಿಮೆ. ಅದಕ್ಕೇ ಕಡಿಮೆ ಓಡಿದ ಕಾರಿನ ಟೈರ್ ಬಟನ್ ತುಂಬಿಕೊಂಡಿದ್ದರೂ ಬದಿ ಸೀಳುತ್ತದೆ. ಕೂದಲೆಳೆಯಂಥ ಗೆರೆಗಳಿದ್ದರೆ ಅದು ಎಚ್ಚರಿಕೆ. ಉಗುರಿನ ತುದಿ ಸಿಕ್ಕಿಕೊಳ್ಳುವಷ್ಟು ಆಳವಿದ್ದರೆ ಆ ಟೈರ್ ಹೆದ್ದಾರಿಗೆ ಬೇಡ.

ಈಗ ಸೈಜಿಗೆ ಬರೋಣ. ನಿಮ್ಮ ಕಾರಿನದು 165/80 ಆರ್14. ಅಗಲ 165 ಮಿ.ಮೀ., ಬದಿಯ ಎತ್ತರ ಆ ಅಗಲದ ಶೇ 80, ರಿಮ್ 14 ಇಂಚು. ರಾಯಚೂರಿನ ಟೈರುಗಳು 15 ಇಂಚಿನ ರಿಮ್ಮಿಗೆ ಮಾಡಿದವು. 14ರ ಮೇಲೆ 15 ಯಾವ ಉಪಾಯದಿಂದಲೂ ಕೂರದು. ಮಾರುವವರು ‘ಎರಡೂ ಸ್ವಿಫ್ಟ್‌ನದೇ ಸೈಜು’ ಅಂದಿದ್ದರೆ ಅದು ಸುಳ್ಳೂ ಅಲ್ಲ. ಸ್ವಿಫ್ಟ್‌ನದೇ ಮೇಲಿನ ಮಾದರಿ ಝಡ್‌ಎಕ್ಸ್‌ಐಗೆ ಬರುವುದು ಆ 15 ಇಂಚಿನದೇ. ಲೆಕ್ಕ ಹಾಕಿದರೆ 165/80 ಆರ್14ರ ಒಟ್ಟು ಎತ್ತರ ಸುಮಾರು 620 ಮಿ.ಮೀ., 185/65 ಆರ್15ರದು ಸುಮಾರು 622. ಹಾಗಾಗಿ ರಿಮ್ ಸಮೇತ ಸಿಕ್ಕರೆ ಕಾರಿಗೆ ಒಪ್ಪುತ್ತದೆ, ಸ್ಪೀಡೋಮೀಟರ್ ಕೂಡ ತಪ್ಪುವುದಿಲ್ಲ. ಆದರೆ ರಿಮ್ಮಿನ ಬೆಲೆ ಸೇರಿಸಿದ ಮೇಲೆ ‘ಅರ್ಧ ಬೆಲೆ’ ಎಲ್ಲಿ ಉಳಿಯಿತು?

ಅದಲ್ಲದೆ, ನಿಮ್ಮ ಊರಿನ ರಸ್ತೆಗೆ 14 ಇಂಚೇ ಮೇಲು. ಮಸ್ಕಿ, ಸಿಂಧನೂರು, ಸಿರುಗುಪ್ಪದ ಕಡೆ ಎರೆ ನೆಲ. ಮಳೆಗೆ ಉಬ್ಬಿ ಬೇಸಿಗೆಗೆ ಕುಗ್ಗುವ ಆ ಮಣ್ಣಿನ ಮೇಲೆ ಡಾಂಬರು ಅಲೆ ಅಲೆಯಾಗುತ್ತದೆ, ಅಂಚು ಮುರಿದು ಮೆಟ್ಟಿಲಾಗುತ್ತದೆ. ಎದುರಿನ ಲಾರಿಗೆ ದಾರಿ ಬಿಟ್ಟು ಆ ಮೆಟ್ಟಿಲು ಇಳಿದು ಹತ್ತುವಾಗ ಪೆಟ್ಟು ತಿನ್ನುವುದು ಟೈರಿನ ಬದಿ. 165/80ರ ಬದಿ 132 ಮಿ.ಮೀ. ಎತ್ತರ, 185/65ರದು 120. ಹೆಚ್ಚಿಗೆ ಇರುವ ಆ 12 ಮಿ.ಮೀ. ರಬ್ಬರು ಪೆಟ್ಟನ್ನು ನುಂಗುತ್ತದೆ. ತೋರಣಗಲ್ಲು, ಸಂಡೂರಿನ ಕಡೆ ಓಡಾಟವಿದ್ದರೆ ಲಾರಿಯಿಂದ ಉದುರಿದ ಅದಿರಿನ ಹರಳುಗಳಿಗೂ ಇದೇ ಮಾತು.

ಸೈಜಿನ ಪಕ್ಕದಲ್ಲಿ 85ಟಿ ಎಂದಿರುತ್ತದೆ, ಅದನ್ನು ಯಾರೂ ನೋಡುವುದಿಲ್ಲ. 85 ಎಂದರೆ ಒಂದು ಟೈರ್ 515 ಕೆ.ಜಿ. ಹೊರುತ್ತದೆ, ಟಿ ಎಂದರೆ ಗಂಟೆಗೆ 190 ಕಿ.ಮೀ. ವೇಗದ ಮಿತಿ. ಹೊಸದರಲ್ಲಿ ಈ ಎರಡೂ ಅಷ್ಟೇ ಅಥವಾ ಹೆಚ್ಚು ಇರಬೇಕು. ಐಎಸ್‌ಐ ಗುರುತೂ ಇರಲಿ, ಕಾರಿನ ಟೈರಿಗೆ ಅದು ಕಡ್ಡಾಯ.

ಸೆಕೆಂಡ್ ಹ್ಯಾಂಡ್ ಬೇಡವೇ ಬೇಡ ಎಂದಲ್ಲ. ಹೊಸ ಕಾರಿಗೆ ಅಲಾಯ್ ಹಾಕಿಸುವವರು ಬಿಚ್ಚಿ ಮಾರಿದ, ಇನ್ನೂ ಮುಳ್ಳುಮುಳ್ಳು ರಬ್ಬರ್ ಎಳೆ ಉಳಿದಿರುವ ಟೈರ್ ನಿಮ್ಮದೇ ಸೈಜಿನಲ್ಲಿ, ವರ್ಷದೊಳಗಿನ ತಾರೀಖಿನದು ಸಿಕ್ಕರೆ ತೆಗೆದುಕೊಳ್ಳಿ. ಓಡಿಸಿದ ಟೈರ್ ಮಾತ್ರ ಲೆಕ್ಕಕ್ಕೆ ಬರುವುದಿಲ್ಲ. ಹೊಸ ಟೈರಿನಲ್ಲಿ ಬಟನ್‌ಗಳ ನಡುವಿನ ಗೀರು ಸುಮಾರು 8 ಮಿ.ಮೀ. ಆಳ. ಕಾನೂನು ಒಪ್ಪುವ ಕನಿಷ್ಠ 1.6. ಅಂದರೆ ನಿಮಗೆ ಸಿಗುವುದು 6.4 ಮಿ.ಮೀ. ‘ಅರ್ಧ ಬಟನ್’ ಎಂದು ಮಾರುವ 4 ಮಿ.ಮೀ. ಟೈರಿನಲ್ಲಿ ಉಳಿದಿರುವುದು 2.4. ಅರ್ಧ ದುಡ್ಡು ಕೊಟ್ಟು ಮೂರನೇ ಒಂದು ಪಾಲಿಗಿಂತ ಸ್ವಲ್ಪವೇ ಹೆಚ್ಚು ರಬ್ಬರು ಕೊಂಡಂತಾಯಿತು.

ಕೊಳ್ಳಲೇಬೇಕಾದರೆ ರಿಮ್ಮಿನಿಂದ ಬಿಚ್ಚಿದ ಟೈರನ್ನೇ ನೋಡಿ, ಒಳಗೆ ಕೈಹಾಕಿ ಸುತ್ತ ಸವರಿ. ಕೈಗೆ ಕಪ್ಪು ರಬ್ಬರ್ ಪುಡಿ ಹತ್ತಿತೋ, ಅಥವಾ ಬದಿಯ ಒಳಮೈಯಲ್ಲಿ ಉಂಗುರದಂತೆ ತಿಕ್ಕಿದ ಗುರುತಿದೆಯೋ, ಅದು ಗಾಳಿಯಿಲ್ಲದೆ ಓಡಿಸಿದ ಟೈರ್. ಹೊರಗಿನಿಂದ ಫಳಫಳ ಹೊಳೆಯುತ್ತಿದ್ದರೂ ಅದರ ದಾರಗಳು ಸತ್ತಿರುತ್ತವೆ. ಹೊಟ್ಟೆ ಬಂದದ್ದು, ಬದಿಯಲ್ಲಿ ಅಥವಾ ಭುಜದಲ್ಲಿ (ಬದಿಯೂ ಬಟನ್ನೂ ಸೇರುವ ಕಡೆ) ಪಂಕ್ಚರ್ ಹಾಕಿದ್ದು, ರಿಮ್ಮಿಗೆ ಕೂರುವ ಅಂಚು ಹರಿದದ್ದು ಬೇಡ. ಇನ್ನೊಂದು ಮೋಸವಿದೆ. ನೈಸಾದ ಟೈರಿಗೆ ಬಿಸಿ ಕತ್ತಿಯಿಂದ ಗೀರು ಕೊರೆದು ಕಪ್ಪು ಬಳಿದು ಮಾರುತ್ತಾರೆ. ಗೀರಿನ ತಳದಲ್ಲಿ ಅಲ್ಲಲ್ಲಿ ಅಡ್ಡವಾಗಿ 1.6 ಮಿ.ಮೀ. ಎತ್ತರದ ರಬ್ಬರ್ ದಿಂಡು ಇರಬೇಕು, ಕೊರೆದ ಟೈರಿನಲ್ಲಿ ಅದು ಕತ್ತರಿಸಿ ಹೋಗಿರುತ್ತದೆ.

ಹೊಸದು ಕೊಳ್ಳುವಾಗಲೂ ತಾರೀಖು ಕೇಳಿ, ಆರು ತಿಂಗಳೊಳಗಿನದಾದರೆ ಚೆನ್ನ. ಅಂಗಡಿ ಮುಂದೆ ಬಿಸಿಲಿಗೆ ತೂಗುಹಾಕಿದ್ದು ಬೇಡ, ಒಳಗಿನಿಂದ ತರಿಸಿ. ಪಕ್ಕಾ ಬಿಲ್ ಪಡೆಯಿರಿ. 2025ರ ಸೆಪ್ಟೆಂಬರ್ 22ರಿಂದ ಕಾರಿನ ಟೈರಿಗೆ ಜಿಎಸ್‌ಟಿ ಶೇ 28ರ ಬದಲು 18. ನಾಲ್ಕಕ್ಕೂ ಒಟ್ಟಿಗೆ ದುಡ್ಡು ಹೊಂದದಿದ್ದರೆ ಈಗ ಎರಡು ಹಾಕಿಸಿ, ಆ ಎರಡನ್ನೂ ಹಿಂದಕ್ಕೆ ಹಾಕಿಸಿ. ಸ್ವಿಫ್ಟ್‌ಗೆ ಎಂಜಿನ್ ಬಲ ಮುಂದಿನ ಗಾಲಿಗೆ ಹೋಗುವುದರಿಂದ ಹೊಸದು ಮುಂದಿರಲಿ ಎಂದು ಅಂಗಡಿಯಲ್ಲಿ ವಾದಿಸುತ್ತಾರೆ. ನೀರಿನ ರಸ್ತೆಯಲ್ಲಿ ಮುಂದಿನ ಗಾಲಿ ಜಾರಿದರೆ ಕಾರು ನೇರ ಹೋಗುತ್ತದೆ, ಆಕ್ಸಿಲರೇಟರ್ ಬಿಟ್ಟರೆ ಹಿಡಿತಕ್ಕೆ ಬರುತ್ತದೆ. ಹಿಂದಿನದು ಜಾರಿದರೆ ಕಾರು ಗಿರಕಿ ಹೊಡೆಯುತ್ತದೆ. ನಿಮ್ಮ ವಿಷಯದಲ್ಲಿ ಮಾತ್ರ, ನಾಲ್ಕೂ ಒಂದೇ ವಯಸ್ಸಿನವು, ನಾಲ್ಕೂ ಸೀಳಿವೆ. ಉಳಿದೆರಡನ್ನು ಮಾರ್ಚ್‌ ದಾಟಿಸಬೇಡಿ.

ಹಳೆಯದನ್ನು ಬಿಟ್ಟುಕೊಡುವ ಮುಂಚೆ ಸವೆತ ಗಮನಿಸಿ. ನಡುವೆ ಸವೆದಿದ್ದರೆ ಗಾಳಿ ಹೆಚ್ಚಿತ್ತು, ಎರಡೂ ಅಂಚು ಸವೆದಿದ್ದರೆ ಕಡಿಮೆ. ಒಂದೇ ಅಂಚು ಸವೆದಿದ್ದರೆ ಅಲೈನ್‌ಮೆಂಟ್ ತಪ್ಪಿದೆ, ಅದನ್ನು ಸರಿಪಡಿಸದೆ ಹಾಕಿದ ಹೊಸ ಟೈರೂ ಹಾಗೇ ಸವೆಯುತ್ತದೆ. ಹಾಕುವಾಗ ರಬ್ಬರ್ ವಾಲ್ವ್ ನಾಲ್ಕೂ ಹೊಸದಿರಲಿ. ರಿಮ್ಮಿನ ಅಂಚಿನ ತುಕ್ಕನ್ನು ತಂತಿ ಬ್ರಷ್‌ನಿಂದ ಉಜ್ಜಿಸಿ, ಇಲ್ಲವಾದರೆ ವಾರಕ್ಕಿಷ್ಟು ಗಾಳಿ ಸೋರುತ್ತದೆ, ಬೈಗುಳ ಬಳ್ಳಾರಿ ಜಾಲಿ ಮುಳ್ಳಿಗೆ ಬೀಳುತ್ತದೆ. ಬ್ಯಾಲೆನ್ಸಿಂಗ್, ಅಲೈನ್‌ಮೆಂಟ್ ಎರಡೂ ಆಗಲಿ. 100 ಕಿ.ಮೀ. ಓಡಿದ ಮೇಲೆ ನಟ್ ಒಮ್ಮೆ ಬಿಗಿಸಿ ನೋಡಿ.

ಬೇಸಿಗೆಗೆ ಗಾಳಿ ಕಡಿಮೆ ಇಡಬೇಕು ಎಂಬ ಮಾತು ನಮ್ಮ ಕಡೆ ಕೇಳಿಬರುತ್ತದೆ. ಅದು ತಪ್ಪು. ಶಾಖ 10 ಡಿಗ್ರಿ ಏರಿದರೆ ಒತ್ತಡ ಒಂದೂವರೆಯಿಂದ ಎರಡು ಪಿಎಸ್‌ಐ ಏರುತ್ತದೆ, ಟೈರನ್ನು ಮಾಡಿರುವುದೇ ಅದನ್ನು ತಡೆಯುವಂತೆ. ಗಂಗಾವತಿಯಿಂದ ಓಡಿಸಿಕೊಂಡು ಬಂದು ಮಧ್ಯಾಹ್ನ ಅಳತೆ ಮಾಡಿದರೆ ಬೆಳಗಿನ 32 ಆಗ 37 ತೋರಿಸಬಹುದು. ಅದನ್ನು 32ಕ್ಕೆ ಇಳಿಸಿದರೆ ಮರುದಿನ ಬೆಳಿಗ್ಗೆ ಟೈರಿನಲ್ಲಿ 27 ಉಳಿಯುತ್ತದೆ. ಗಾಳಿ ಕಡಿಮೆಯಾದಷ್ಟೂ ಬದಿ ಹೆಚ್ಚು ಬಾಗುತ್ತದೆ, ಬಾಗಿದಷ್ಟೂ ಕಾಯುತ್ತದೆ, ಸಿಡಿಯುವುದು ಹೀಗೆ. ಚಾಲಕನ ಬಾಗಿಲ ಕಂಬದ ಮೇಲಿನ ಸ್ಟಿಕ್ಕರಿನ ಅಂಕಿಯನ್ನು ಬೆಳಿಗ್ಗೆ, ಕಾರು ಹೊರಡುವ ಮುಂಚೆ ತುಂಬಿಸಿ.

ಇನ್ನು ಡಿಕ್ಕಿಯಲ್ಲಿರುವ ಸ್ಟೆಪ್ನಿ. ಅದೂ 2018ರದೇ ಇರಬೇಕು. ಒಂದು ದಿನವೂ ಓಡಿಲ್ಲ ಎಂದು ಅದನ್ನು ನಾಲ್ಕರಲ್ಲಿ ಒಂದಾಗಿ ಹಾಕಿಸಬೇಡಿ. ಪಂಕ್ಚರ್ ಆದಾಗ ನಿಧಾನವಾಗಿ ಹತ್ತಿರದ ಅಂಗಡಿ ಮುಟ್ಟುವುದಕ್ಕೆ ಅದು ಇರಲಿ.