ಫ್ಲೆಕ್ಸ್ ಮೇಲಿನ ನೂರಕ್ಕೆ ನೂರು

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ವಾರ ನನ್ನ ಫೋನಿಗೆ ಬಿಡುವಿಲ್ಲ. "ಸರ್, ಆ ಶಾಲೆ ರಿಸಲ್ಟ್ ನೂರಕ್ಕೆ ನೂರಂತೆ. ಡೊನೇಷನ್ ಸ್ವಲ್ಪ ಜಾಸ್ತಿ. ಸೇರಿಸಬಹುದಾ?" ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯಿಂದ ನಿವೃತ್ತನಾಗಿ ಈಗ ಪೋಷಕರಿಗೆ ಸಲಹೆ ಕೊಡುತ್ತ ಕೂತಿದ್ದೇನೆ. ಡೊನೇಷನ್ ಕಾನೂನಿಗೆ ವಿರುದ್ಧ ಅನ್ನೋದು ಕೇಳುವವರಿಗೂ ಗೊತ್ತು, ಬಿಡಿ. ನನಗೆ ತಲೆಕೆಡುವುದು ಆ ನೂರಕ್ಕೆ ನೂರರಿಂದ.

ಯಾರಲ್ಲಿ ನೂರು? ಎಂಟನೇ ತರಗತಿಯಲ್ಲಿ ಎಷ್ಟು ಮಕ್ಕಳಿದ್ದರು, ಅವರಲ್ಲಿ ಎಷ್ಟು ಮಂದಿ ಅದೇ ಶಾಲೆಯಿಂದ ಹತ್ತನೇ ಪರೀಕ್ಷೆಗೆ ಕೂತರು? ಇದನ್ನು ಮಾತ್ರ ಯಾರೂ ಕೇಳುವುದಿಲ್ಲ.

ಒಬ್ಬ ದರ್ಜಿ ಮಗಳನ್ನು ಕರಕೊಂಡು ಬಂದಿದ್ದರು. ಗಣಿತದಲ್ಲಿ ಹಿಂದೆ ಎಂದು ಒಂಬತ್ತರ ಕೊನೆಗೆ ಶಾಲೆಯವರು ಟಿಸಿ ಕೈಗಿಟ್ಟಿದ್ದರು. ಶಾಲೆ ಬಿಟ್ಟ ಕಾರಣದ ಕಾಲಂನಲ್ಲಿ ನೀಟಾಗಿ ಬರೆದಿತ್ತು: "ಪೋಷಕರ ಕೋರಿಕೆಯ ಮೇರೆಗೆ". ಹುಡುಗಿ ಸರ್ಕಾರಿ ಹೈಸ್ಕೂಲಿಗೆ ಸೇರಿ ಪಾಸಾದಳು. ಅಲ್ಲಿ ಪಾಠ ಹೇಳಿದ ಟೀಚರಮ್ಮನ ಫೋಟೊ ಯಾವ ಫ್ಲೆಕ್ಸಿಗೂ ಏರಲಿಲ್ಲ.

ಶಾಲೆಯೇ ಮಕ್ಕಳನ್ನು ಆರಿಸುವ ಈ ಚಾಳಿ ನಮ್ಮದೊಂದೇ ಅಲ್ಲ. ಸರ್ಕಾರ ದುಡ್ಡನ್ನು ಪೋಷಕರ ಕೈಗೆ ಕೊಡಲಿ, ಶಾಲೆಗಳು ಪೈಪೋಟಿಗೆ ಬೀಳಲಿ ಎಂದು ಅಮೆರಿಕದ ಅರ್ಥಶಾಸ್ತ್ರಜ್ಞ ಮಿಲ್ಟನ್ ಫ್ರೀಡ್‌ಮನ್ 1955ರಲ್ಲೇ ಬರೆದರು. ಚಿಲಿ ದೇಶ 1981ರಲ್ಲಿ ಅದನ್ನು ಇಡೀ ನಾಡಿಗೆ ತಂದಿತು. ಅನುದಾನ ಮಗುವಿನ ಹಿಂದೆ ಹೋಯಿತು, ಸರಿ. ಆದರೆ ಎಷ್ಟೋ ಖಾಸಗಿ ಶಾಲೆಗಳು ಸಂದರ್ಶನ, ಪರೀಕ್ಷೆ ಮಾಡಿ ತಮಗೆ ಬೇಕಾದ ಮಕ್ಕಳನ್ನು ಆರಿಸಿಕೊಂಡವು, ಮೇಲೆ ಶುಲ್ಕವನ್ನೂ ಹಾಕಿದವು. ಬಡವರ ಮಕ್ಕಳು ಹೆಚ್ಚಾಗಿ ಮುನಿಸಿಪಲ್ ಶಾಲೆಗಳಲ್ಲೇ ಉಳಿದರು. ಪೋಷಕರಿಗೆ ಸಿಗಬೇಕಿದ್ದ ಆಯ್ಕೆ ಶಾಲೆಗಳ ಕೈಸೇರಿತು. 2006, 2011ರಲ್ಲಿ ವಿದ್ಯಾರ್ಥಿಗಳು ಬೀದಿಗಿಳಿದರು. ಅನುದಾನ ಪಡೆವ ಶಾಲೆಗಳ ಲಾಭ, ಶುಲ್ಕ, ಆಯ್ಕೆ ಮೂರಕ್ಕೂ ಕಡಿವಾಣ ಹಾಕುವ ಕಾನೂನು ಬಂದಿದ್ದು 2015ರಲ್ಲಿ.

ಆರಿಸುವ ಅಧಿಕಾರ ಕಿತ್ತುಕೊಂಡರೆ ಏನಾಗುತ್ತದೆ? ಆಂಧ್ರದ ಹಳ್ಳಿಗಳಲ್ಲಿ 2008ರಿಂದ ಒಂದು ಪ್ರಯೋಗ ನಡೆಯಿತು. ಲಾಟರಿ ಎತ್ತಿ ಗೆದ್ದ ಮಕ್ಕಳನ್ನು ಖಾಸಗಿ ಶಾಲೆಗೆ ಕಳಿಸಿದರು. ನಾಲ್ಕು ವರ್ಷದ ಮೇಲೆ ನೋಡಿದರೆ ತೆಲುಗು, ಗಣಿತದಲ್ಲಿ ಸೋತವರಿಗೂ ಗೆದ್ದವರಿಗೂ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ಹಿಂದಿಯಲ್ಲಿ ಗೆದ್ದವರು ಮುಂದಿದ್ದರು. ಖಾಸಗಿಯವರ ಪರವಾಗಿಯೂ ಒಂದು ಮಾತು ಹೇಳಲೇಬೇಕು: ಅಲ್ಲಿ ತಲಾ ಖರ್ಚು ಸರ್ಕಾರಿ ಶಾಲೆಯ ಮೂರನೇ ಒಂದು ಭಾಗಕ್ಕಿಂತ ಕಡಿಮೆ. ಆಂಧ್ರದ ಹಳ್ಳಿಗೆ ಹೊಂದಿದ್ದು ಬೆಂಗಳೂರಿಗೆ ಹೊಂದಬೇಕೆಂದೂ ಇಲ್ಲ.

ನಮ್ಮಲ್ಲೂ ಆರ್‌ಟಿಇ, ಅಂದರೆ ಶಿಕ್ಷಣ ಹಕ್ಕು ಕಾಯ್ದೆಯಡಿ ಖಾಸಗಿ ಶಾಲೆಗಳಲ್ಲಿ ಬಡ, ಹಿಂದುಳಿದ ಮಕ್ಕಳಿಗೆ ಮೀಸಲಾದ ಶೇ 25 ಸೀಟಿಗೆ ಲಾಟರಿಯೇ. ಆದರೆ 2019ರಲ್ಲಿ ರಾಜ್ಯ ನಿಯಮ ಬದಲಿಸಿತು: ನೆರೆಹೊರೆಯಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿಯಲ್ಲಿ ಆ ಸೀಟಿಲ್ಲ. ಹೈಕೋರ್ಟೂ ಅದೇ ವರ್ಷ ಎತ್ತಿಹಿಡಿಯಿತು. ನಮ್ಮ ಶಾಲೆ ಖಾಲಿಯಾಗುತ್ತಿದೆ, ದುಡ್ಡು ಮಾತ್ರ ಖಾಸಗಿಗೆ ಹೋಗುತ್ತಿದೆ ಎಂಬ ಸರ್ಕಾರದ ಅಳಲು ಸುಳ್ಳೇನಲ್ಲ. ಆದರೂ ಕೆಲವು ದೊಡ್ಡ ಶಾಲೆಗಳಿಗೆ ತಾವು ಆರಿಸದ ಮಕ್ಕಳು ಬರುತ್ತಿದ್ದ ಒಂದೇ ಬಾಗಿಲು ಅದಾಗಿತ್ತು.

ಈಗ ಫೋನ್ ಮಾಡುವವರಿಗೆ ಒಂದೇ ಕೆಲಸ ಹೇಳುತ್ತೇನೆ. ಶಾಲೆಗಳ ಸರ್ಕಾರಿ ಅಂಕಿಅಂಶ ಇರುವ ಯುಡೈಸ್ ಜಾಲತಾಣದಲ್ಲಿ ಶಾಲೆಯ ಹೆಸರು ಹಾಕಿ, ತರಗತಿವಾರು ದಾಖಲಾತಿ ನೋಡಿ. ಈ ವರ್ಷದ ಹತ್ತನೆಯದನ್ನು ಎರಡು ವರ್ಷ ಹಿಂದಿನ ಎಂಟನೆಯದರ ಪಕ್ಕ ಇಡಿ. ಒಂದು ಬ್ಯಾಚು ಕರಗಿದ್ದರೆ ವರ್ಗಾವಣೆ, ಮನೆ ಬದಲು, ಏನೇನೋ ಕಾರಣ ಇದ್ದೀತು, ಆತುರ ಬೇಡ. ಮೂರು ಬ್ಯಾಚೂ ಹಾಗೇ ಕರಗಿದ್ದರೆ, ಡೊನೇಷನ್ ಮಾತೆತ್ತುವ ಮೊದಲು ಆ ಮಕ್ಕಳೆಲ್ಲ ಎಲ್ಲಿ ಹೋದರೆಂದು ಹೆಡ್‌ಮಾಸ್ಟರನ್ನೇ ಕೇಳಿ.