ಕಾರಿನಲ್ಲಿ ಸುಮ್ಮನೆ ಕೂತ ಗಿನಿ ಪಿಗ್

ಪರೀಕ್ಷೆ ಮುಗಿದು ಶಾಲೆಗೆ ರಜೆ ಬಿದ್ದರೆ ಕಲಬುರಗಿಯ ಮನೆಗಳಲ್ಲಿ ಊರು ಬಿಡುವ ಮಾತು ಶುರುವಾಗುತ್ತದೆ. ಬಿಸಿಲು 42 ಡಿಗ್ರಿ ಮುಟ್ಟುವ ಹೊತ್ತಿಗೆ ಅರ್ಧ ಓಣಿ ಹೈದರಾಬಾದ್, ಪುಣೆ, ಬೆಂಗಳೂರು ಎಂದು ಹೊರಟಿರುತ್ತದೆ. ಮನೆಯಲ್ಲಿ ಗಿನಿ ಪಿಗ್, ಅಂದರೆ ಇಲಿಯ ಬಳಗದ ಬಾಲವಿಲ್ಲದ ಪುಟ್ಟ ಪ್ರಾಣಿ, ಸಾಕಿದವರಿಗೆ ಮಾತ್ರ ಒಂದು ಚಿಂತೆ ಜಾಸ್ತಿ. ಅದನ್ನೇನು ಮಾಡುವುದು?

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಎರಡು ದಿನದ ಮದುವೆಗೆ ಹೋಗುವುದಾದರೆ ಅದನ್ನು ಒಯ್ಯಬೇಡಿ. ಕೂಲರ್ ಓಡುವ ಯಾರದಾದರೂ ಮನೆಯಲ್ಲಿ ಬಿಟ್ಟು, ಹುಲ್ಲು, ನೀರು, ಸೊಪ್ಪಿನ ಲೆಕ್ಕ ಹೇಳಿ ಹೋಗಿ. ಆದರೆ ನೌಕರಿ ವರ್ಗವಾಗಿ ಊರೇ ಬದಲಾದಾಗ, ತಿಂಗಳುಗಟ್ಟಲೆ ರಜೆಗೆ ಹೋಗುವಾಗ ಒಯ್ಯಲೇಬೇಕು. ಕಲಬುರಗಿಯಿಂದ ಬೆಂಗಳೂರು ಸುಮಾರು 600 ಕಿಲೋಮೀಟರ್. ಕಾರಿನಲ್ಲಿ ಹತ್ತು ತಾಸು ಎಂದಿಟ್ಟುಕೊಳ್ಳಿ.

ಹೀಗೆ ಒಯ್ದವರು ಹೇಳುವ ಮಾತು ಹೆಚ್ಚುಕಡಿಮೆ ಒಂದೇ. "ಭಾಳ ಶಾಣ್ಯಾ ಅದ ರೀ. ಜೇವರ್ಗಿ ದಾಟಿ ಶಹಾಪುರ ಬಂದ್ರೂ ಒಂದು ಸಪ್ಪಳ ಇಲ್ಲ!"

ಈ ಶಾಣ್ಯಾತನವನ್ನು ಸ್ವಲ್ಪ ಅನುಮಾನದಿಂದ ನೋಡಬೇಕು. ಮನೆಯಲ್ಲಿ ಫ್ರಿಜ್ ಬಾಗಿಲು ತೆರೆದರೆ, ಪ್ಲಾಸ್ಟಿಕ್ ಚೀಲ ಸರಭರ ಅಂದರೆ ಕೀಚ್ ಕೀಚ್ ಎಂದು ಮನೆಯೇ ಎದ್ದು ಕೂರುವಂತೆ ಕೂಗುವ ಪ್ರಾಣಿ ಇದು. ಅಂಥದ್ದು ಮೂರು ತಾಸು ಬಾಯಿ ಬಿಡಲಿಲ್ಲ ಅಂದರೆ ಅದು ಹೆದರಿದೆ. ದಕ್ಷಿಣ ಅಮೆರಿಕದ ಆಂಡೀಸ್ ಬೆಟ್ಟಸಾಲಿನ ಹುಲ್ಲಿನಲ್ಲಿ ಇದರ ಪೂರ್ವಜರು ಬದುಕಿದ್ದೇ ಹಾಗೆ. ಮೇಲೆ ಹದ್ದು, ನೆಲದಲ್ಲಿ ನರಿ. ಅಲುಗಾಡಿದವರು ಕಣ್ಣಿಗೆ ಬಿದ್ದರು, ಅಲುಗದವರು ಉಳಿದರು. ಸಾವಿರಾರು ವರ್ಷಗಳಿಂದ ಮನುಷ್ಯರ ಮನೆಯಲ್ಲಿದ್ದರೂ ಆ ಗುಣ ಹೋಗಿಲ್ಲ. ನೋವಾದರೂ ಮರೆಮಾಚುತ್ತದೆ. ಹಾಗಾಗಿ ಪ್ರಯಾಣದಲ್ಲಿ ಅದರ ಮುಖ ನೋಡಿ ಆರಾಮಾಗಿದೆಯೋ ಇಲ್ಲವೋ ಎಂದು ತೀರ್ಮಾನಿಸಲು ಆಗುವುದಿಲ್ಲ. ನೋಡಬೇಕಾದ್ದು ಎರಡು: ಹುಲ್ಲು ಖಾಲಿಯಾಗುತ್ತಿದೆಯೇ, ಹಿಕ್ಕೆ ಬೀಳುತ್ತಿದೆಯೇ.

ಹಿಕ್ಕೆಗೆ ಇಷ್ಟು ಬೆಲೆ ಯಾಕೆ? ಗಿನಿ ಪಿಗ್‌ನ ಹೊಟ್ಟೆಯಲ್ಲಿ ದೊಡ್ಡ ಕರುಳು ಶುರುವಾಗುವ ಕಡೆ ಒಂದು ದೊಡ್ಡ ಚೀಲವಿದೆ. ಅಲ್ಲಿ ಕೋಟಿಗಟ್ಟಲೆ ಬ್ಯಾಕ್ಟೀರಿಯಾಗಳು ಹುಲ್ಲಿನ ನಾರನ್ನು ಹುಳಿ ಬರಿಸಿ ಒಡೆಯುತ್ತವೆ. ಅಲ್ಲಿಂದ ಹೊರಬರುವ ಮೆತ್ತನೆಯ ಉಂಡೆಗಳನ್ನು ಅದು ಮತ್ತೆ ತಿನ್ನುತ್ತದೆ. ಅಸಹ್ಯ ಪಡಬೇಡಿ, ವಿಟಮಿನ್‌ಗಳು ಮೈಗೆ ಹತ್ತುವುದು ಆ ಎರಡನೇ ಸುತ್ತಿನಲ್ಲಿ. ಈ ವ್ಯವಸ್ಥೆ ನಿಲ್ಲದೆ ನಡೆಯಲು ಮೇಲಿಂದ ನಾರು ಬರುತ್ತಲೇ ಇರಬೇಕು. ಹಿಂದಿನದನ್ನು ಮುಂದಕ್ಕೆ ತಳ್ಳುವುದೇ ಹೊಸ ತುತ್ತು. ಹೆದರಿದ ಪ್ರಾಣಿ ತಿನ್ನುವುದು ಬಿಡುತ್ತದೆ. ತಿನ್ನದಿದ್ದರೆ ಕರುಳು ಮಂದವಾಗುತ್ತದೆ, ಗಾಳಿ ತುಂಬುತ್ತದೆ, ನೋವಾಗುತ್ತದೆ, ನೋವಾದ ಮೇಲೆ ತಿನ್ನುವುದು ಇನ್ನೂ ದೂರದ ಮಾತು. ಈ ಸುಳಿಗೆ ಸಿಕ್ಕ ಗಿನಿ ಪಿಗ್ ಒಂದೆರಡು ದಿನದಲ್ಲಿ ಸಾಯಬಹುದು.

ನಮ್ಮ ಕಡೆ ಘಾಟಿ ರಸ್ತೆಗೆ ಹೊರಡುವ ಮುಂಚೆ ಮಕ್ಕಳಿಗೆ ಹೊಟ್ಟೆ ತುಂಬ ಉಣಿಸುವುದಿಲ್ಲ, ವಾಂತಿಯಾಗುತ್ತದೆ ಎಂದು. ಅದೇ ಬುದ್ಧಿಯಲ್ಲಿ ಗಿನಿ ಪಿಗ್ ಅನ್ನು ಉಪವಾಸ ಕೆಡವುವವರೂ ಇದ್ದಾರೆ. ಇದಕ್ಕಿಂತ ದೊಡ್ಡ ತಪ್ಪಿಲ್ಲ. ಗಿನಿ ಪಿಗ್‌ಗೆ ವಾಂತಿ ಮಾಡಲು ಬರುವುದೇ ಇಲ್ಲ. ಇಲಿ, ಬೀವರ್ ಸೇರಿದಂತೆ ದಂಶಕ ಜಾತಿಯ ಹಲವು ಪ್ರಾಣಿಗಳನ್ನು ಪರೀಕ್ಷಿಸಿ 2013ರಲ್ಲಿ ವಿಜ್ಞಾನಿಗಳು ಇದನ್ನು ತೋರಿಸಿದ್ದಾರೆ. ಹೊರಡುವ ಮುಂಚೆಯೂ ಹೊಟ್ಟೆ ತುಂಬಿರಲಿ, ದಾರಿಯುದ್ದಕ್ಕೂ ಬಾಯಿಯ ಮುಂದೆ ಹುಲ್ಲಿರಲಿ.

ಯಾವ ಹುಲ್ಲು? ಮನೆಯಲ್ಲಿ ಏನು ತಿಂದು ರೂಢಿಯೋ ಅದೇ. ಪ್ರಯಾಣದ ದಿನ ಹೊಸ ರುಚಿ ಬೇಡ. ಔಷಧ ಹೊಡೆಯದ ಜಾಗದ ಗರಿಕೆ ಇದಕ್ಕೆ ಚೆನ್ನಾಗಿ ಒಗ್ಗುತ್ತದೆ. ಆದರೆ ಹೊಲದ ಪಕ್ಕ ಕಾರು ನಿಲ್ಲಿಸಿ, ಹಸಿರಾಗಿದೆ ಎಂದು ಎಳೆ ಜೋಳದ ಎಲೆ ಕಿತ್ತು ಹಾಕಬೇಡಿ. ಎಳೆ ಜೋಳದಲ್ಲಿ, ಅದರಲ್ಲೂ ಕೊಯ್ದ ಮೇಲೆ ಚಿಗುರುವ ಕೂಳೆಯಲ್ಲಿ, ಸಯನೈಡ್ ಬಿಡುಗಡೆ ಮಾಡುವ ಒಂದು ಪದಾರ್ಥ ಇರುತ್ತದೆ. ಅದನ್ನು ಮೇಯ್ದು ದನ ಸತ್ತದ್ದನ್ನು ಇಲ್ಲಿನ ರೈತರಿಗೆ ಹೇಳಿಕೊಡಬೇಕಾಗಿಲ್ಲ. ಒಂದು ಕಿಲೋ ತೂಕದ ಪ್ರಾಣಿಯ ಮೇಲೆ ಅಂಥ ಪ್ರಯೋಗ ಯಾಕೆ?

ನೀರಿನ ಬಾಟಲಿಯನ್ನು ಕಾರು ಓಡುವಾಗ ತೆಗೆದಿಡಿ. ಕುಲುಕಾಟಕ್ಕೆ ತೊಟ್ಟಿಕ್ಕಿ ಹಾಸಿಗೆ ತೋಯುತ್ತದೆ. ಬದಲಿಗೆ ಸೌತೆಕಾಯಿ ಹೋಳು ಹಾಕಿ, ಅದರಲ್ಲಿ ನೂರಕ್ಕೆ 95 ಪಾಲು ನೀರೇ. ನಿಂತ ಕಡೆಯೆಲ್ಲ ಬಾಟಲಿ ತೋರಿಸಿ. ಜೊತೆಗೊಂದು ತುಂಡು ದೊಣ್ಣೆ ಮೆಣಸಿನಕಾಯಿ ಇರಲಿ, ವಿಟಮಿನ್ ಸಿ ಸಿಗುತ್ತದೆ. ಅದನ್ನು ಮೈಯಲ್ಲೇ ತಯಾರಿಸಿಕೊಳ್ಳಲಾಗದ ಕೆಲವೇ ಪ್ರಾಣಿಗಳಲ್ಲಿ ನಾವೂ ಇದ್ದೇವೆ, ಗಿನಿ ಪಿಗ್ ಕೂಡ ಇದೆ. 1907ರಲ್ಲಿ ನಾರ್ವೆಯ ಆಕ್ಸೆಲ್ ಹೋಲ್ಸ್ಟ್ ಮತ್ತು ಥಿಯೋಡೋರ್ ಫ್ರೋಲಿಕ್ ವಿಟಮಿನ್ ಸಿ ಕೊರತೆಯಿಂದ ಬರುವ ಸ್ಕರ್ವಿ ರೋಗದ ಗುಟ್ಟಿನ ಬೆನ್ನು ಹತ್ತಲು ಸಾಧ್ಯವಾಗಿದ್ದು ಇದರಿಂದಲೇ. ನೀರಿಗೆ ಹಾಕುವ ವಿಟಮಿನ್ ಹನಿಗಳಿಗೆ ದುಡ್ಡು ಸುರಿಯಬೇಡಿ. ಬೆಳಕು, ಶಾಖಕ್ಕೆ ಅದು ಬೇಗ ಕೆಡುತ್ತದೆ.

ಈಗ ಬಿಸಿಲಿನ ವಿಷಯ. ಕಲಬುರಗಿ, ಯಾದಗಿರಿಯವರು ಮುಖ್ಯವಾಗಿ ಯೋಚಿಸಬೇಕಾದ್ದು ಇದನ್ನೇ.

ಗಿನಿ ಪಿಗ್‌ಗೆ ಹಿತವಾದ ಉಷ್ಣತೆ 18ರಿಂದ 24 ಡಿಗ್ರಿ. 27 ದಾಟಿದರೆ ಎಚ್ಚರ ಬೇಕು. ಅದರ ಮೈ ದುಂಡಗೆ, ಕಾಲು ಗಿಡ್ಡ, ಬಾಲ ಇಲ್ಲ, ಮೇಲೆ ತುಪ್ಪಟ. ಚಳಿಯ ಬೆಟ್ಟದಲ್ಲಿ ಶಾಖ ಉಳಿಸಿಕೊಳ್ಳಲು ಹೇಳಿ ಮಾಡಿಸಿದ ಆಕಾರ. ಶಾಖ ಕಳೆದುಕೊಳ್ಳಲು ಇದೇ ಅಡ್ಡಿ. ನಮ್ಮ ಹಾಗೆ ಬೆವರುವುದಿಲ್ಲ, ನಾಯಿಯ ಹಾಗೆ ಏದುಸಿರು ಬಿಟ್ಟು ತಂಪಾಗುವುದೂ ಅದಕ್ಕೆ ಸರಿಯಾಗಿ ಬರುವುದಿಲ್ಲ.

ಇಲ್ಲೊಂದು ತಪ್ಪು ಎಲ್ಲರೂ ಮಾಡುತ್ತಾರೆ. ಎಸಿ ಇಲ್ಲ, ಪರವಾಗಿಲ್ಲ, ಕಿಟಕಿ ಇಳಿಸಿದರಾಯಿತು ಅನ್ನುತ್ತಾರೆ. ಕಿಟಕಿಯ ಗಾಳಿ ನಮಗೆ ಹಿತ ಅನಿಸುವುದು ಚರ್ಮದ ಮೇಲಿನ ಬೆವರು ಆರುವುದರಿಂದ. ಬೆವರೇ ಇಲ್ಲದ ಪ್ರಾಣಿಗೆ ಆ ಲಾಭ ಇಲ್ಲ. ಗಿನಿ ಪಿಗ್‌ನ ಮೈಯ ಉಷ್ಣತೆ ಸುಮಾರು 39 ಡಿಗ್ರಿ. ಹೊರಗಿನ ಗಾಳಿ 42. ಅಂದರೆ ಬೀಸುವ ಗಾಳಿ ಅದರ ಮೈಯಿಂದ ಶಾಖ ಒಯ್ಯುವುದಿಲ್ಲ, ಮೈಗೇ ಶಾಖ ತುಂಬುತ್ತದೆ. ಜೋರಾಗಿ ಬೀಸಿದಷ್ಟೂ ಬೇಗ ತುಂಬುತ್ತದೆ. ಮೇ ತಿಂಗಳ ಮಧ್ಯಾಹ್ನ ಎಸಿ ಇಲ್ಲದ ಕಾರಿನಲ್ಲಿ ಇದನ್ನು ಒಯ್ಯಲೇಬಾರದು, ಅಷ್ಟೇ.

ಎಸಿ ಇದ್ದರೂ ಬೆಳಗಿನ ಜಾವ ನಾಲ್ಕಕ್ಕೆ ಹೊರಡುವುದು ಒಳ್ಳೆಯದು. ಮೊದಲು ಕಾರು ತಣ್ಣಗಾಗಲಿ, ಆಮೇಲೆ ಪಂಜರ ಏರಲಿ. ಬೆಂಗಳೂರಿನ ದಾರಿ ದಕ್ಷಿಣಕ್ಕೆ. ಹಾಗಾಗಿ ಬೆಳಿಗ್ಗೆ ಬಿಸಿಲು ಎಡಗಡೆಯ ಗಾಜಿಗೆ, ಮಧ್ಯಾಹ್ನದ ಮೇಲೆ ಬಲಗಡೆಯ ಗಾಜಿಗೆ. ತಿಂಥಣಿಯಲ್ಲಿ ಕೃಷ್ಣೆ ದಾಟುವ ಹೊತ್ತಿಗೆ ಎಡಗಡೆ ಕಾಯುತ್ತಿರುತ್ತದೆ. ಮುಂದಿನ ಸೀಟಿನ ಹಿಂದೆ, ಕಾಲಿಡುವ ನೆಲದ ಮೇಲೆ ಪಂಜರ ಇಟ್ಟರೆ ಬಿಸಿಲೂ ಬೀಳದು, ಬ್ರೇಕ್ ಹಾಕಿದಾಗ ಉರುಳುವುದೂ ಇಲ್ಲ. ಆದರೆ ಎಸಿ ಗಾಳಿ ಅಲ್ಲಿಗೆ ತಲುಪುತ್ತದೆಯೇ ಎಂದು ನೋಡಬೇಕು. ಡ್ಯಾಶ್‌ಬೋರ್ಡ್ 24 ತೋರಿಸಿದರೆ ಪಂಜರದ ಒಳಗೂ 24 ಇರಬೇಕೆಂದಿಲ್ಲ. ಸಣ್ಣ ಡಿಜಿಟಲ್ ಥರ್ಮಾಮೀಟರ್ ಒಂದನ್ನು ಪಂಜರಕ್ಕೇ ಸಿಕ್ಕಿಸಿ. ನೀರು ತುಂಬಿ ಫ್ರೀಜರ್‌ನಲ್ಲಿ ಗಟ್ಟಿ ಮಾಡಿದ ಬಾಟಲಿಗೆ ದಪ್ಪ ಟವೆಲ್ ಸುತ್ತಿ ಒಂದು ಮೂಲೆಗೆ ಇಡಿ. ಬೇಕಾದಾಗ ಒರಗುತ್ತದೆ, ಸಾಕಾದಾಗ ಸರಿಯುತ್ತದೆ.

ಜೀವ ಹೋಗುವುದು ಹೆಚ್ಚಾಗಿ ಊಟಕ್ಕೆ ನಿಂತಾಗ. "ಹತ್ತೇ ನಿಮಿಷ" ಎಂದು ಖಾನಾವಳಿಗೆ ಹೋಗುತ್ತೇವೆ. ರೊಟ್ಟಿ ಬರುವುದರಲ್ಲೇ ಹದಿನೈದು ನಿಮಿಷ ಹೋಗಿರುತ್ತದೆ. ಅಮೆರಿಕದಲ್ಲಿ 2005ರಲ್ಲಿ ಬಿಸಿಲಲ್ಲಿ ನಿಲ್ಲಿಸಿದ ಕಾರಿನ ಒಳಗಿನ ಉಷ್ಣತೆ ಅಳೆದರು. ಒಂದು ತಾಸಿನಲ್ಲಿ ಸರಾಸರಿ 22 ಡಿಗ್ರಿ ಏರಿತ್ತು. ಅದರಲ್ಲಿ ನೂರಕ್ಕೆ 80 ಪಾಲು ಏರಿದ್ದು ಮೊದಲ ಅರ್ಧ ತಾಸಿನಲ್ಲೇ. ಕಿಟಕಿ ಸಂದು ಬಿಟ್ಟರೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಅಲ್ಲಿ ಹೊರಗೆ 40 ಡಿಗ್ರಿಯೂ ಇರಲಿಲ್ಲ, ಗಮನಿಸಿ. ಸರದಿಯ ಮೇಲೆ ಊಟ ಮಾಡಿ, ಇಲ್ಲವೇ ಪಂಜರವನ್ನೇ ಒಳಗೆ ಒಯ್ಯಿರಿ. ಮಾಲೀಕರು ಬೇಡ ಅಂದರೆ ಪಾರ್ಸೆಲ್ ಇದ್ದೇ ಇದೆಯಲ್ಲ.

ಗದ್ದ ಜೊಲ್ಲಿನಿಂದ ಒದ್ದೆಯಾಗಿ, ಉಸಿರು ಜೋರಾಗಿ, ಪ್ರಾಣಿ ಕೈಕಾಲು ಚಾಚಿ ಬಿದ್ದಿದ್ದರೆ ಅದು ಬಿಸಿಲಿನ ಹೊಡೆತ. ತಣ್ಣನೆ ಜಾಗಕ್ಕೆ ಒಯ್ದು, ಕಿವಿ, ಪಾದಗಳಿಗೆ ಸಾದಾ ನೀರಿನ ಒದ್ದೆ ಬಟ್ಟೆ ಒತ್ತಿ. ಮಂಜುಗಡ್ಡೆ ನೀರಲ್ಲಿ ಅದ್ದಬೇಡಿ. ಚರ್ಮದ ರಕ್ತನಾಳಗಳು ಮುದುಡಿ ಶಾಖ ಒಳಗೇ ಉಳಿಯುತ್ತದೆ. ಸುಧಾರಿಸಿದಂತೆ ಕಂಡರೂ ಡಾಕ್ಟರಿಗೆ ತೋರಿಸಲೇಬೇಕು.

ಭಯ ಕಡಿಮೆ ಮಾಡಲು ಔಷಧಕ್ಕಿಂತ ಒಳ್ಳೆಯದು ಜೊತೆಗಾರ. ಜರ್ಮನಿಯ ನಾರ್ಬರ್ಟ್ ಸಾಕ್ಸರ್ ಮತ್ತು ಸಂಗಡಿಗರು ಗಂಡು ಗಿನಿ ಪಿಗ್‌ಗಳನ್ನು ಗುರುತಿಲ್ಲದ ಜಾಗದಲ್ಲಿ ಬಿಟ್ಟು, ರಕ್ತದಲ್ಲಿ ಒತ್ತಡದ ಹಾರ್ಮೋನು ಎಷ್ಟೇರುತ್ತದೆ ಎಂದು ನೋಡಿದರು. ಒಡನಾಟ ಬೆಳೆದ ಹೆಣ್ಣು ಪಕ್ಕದಲ್ಲಿದ್ದರೆ ಏರಿಕೆ ಬಹಳ ಕಡಿಮೆ. ಪರಿಚಯವಿಲ್ಲದ ಹೆಣ್ಣಿದ್ದರೆ ಅಂಥ ಉಪಯೋಗ ಆಗಲಿಲ್ಲ. ಮನೆಯಲ್ಲಿ ಎರಡಿದ್ದರೆ ಒಂದೇ ಪಂಜರದಲ್ಲಿ ಒಯ್ಯಿರಿ. ಒಂದೇ ಇದೆ ಎಂದು ಪ್ರಯಾಣದ ಹಿಂದಿನ ದಿನ ಇನ್ನೊಂದನ್ನು ಕೊಂಡು ತಂದರೆ ಜಗಳ ಮಾತ್ರ ಸಿಗುತ್ತದೆ. ಮುದುಡಿ ಕೂರಲು ಒಂದು ರಟ್ಟಿನ ಡಬ್ಬಿ, ಮನೆಯ ವಾಸನೆಯ ಹಳೇ ಬಟ್ಟೆ ಒಳಗಿರಲಿ. ಹಿಂದಿನ ಸ್ಪೀಕರ್ ಬಂದ್ ಮಾಡಿ. ನಮಗೆ ಕೇಳದ ಏರು ದನಿಗಳೂ ಅದಕ್ಕೆ ಕೇಳುತ್ತವೆ. ಗರ್ಭಿಣಿಯಾಗಿದ್ದರೆ ಪ್ರಯಾಣವೇ ಬೇಡ.

ಇನ್ನೊಂದು ಮಾತು, ಮೆಡಿಕಲ್ ಶಾಪ್ ಬಗ್ಗೆ. ದಾರಿಯಲ್ಲಿ ಭೇದಿಯಾಯಿತು, ಮಂಕಾಯಿತು ಎಂದು ನಮ್ಮ ಮಾತ್ರೆಯನ್ನೇ ಪುಡಿ ಮಾಡಿ ತಿನ್ನಿಸುವವರಿದ್ದಾರೆ. ಅಮಾಕ್ಸಿಸಿಲಿನ್‌ನಂಥ ಪೆನಿಸಿಲಿನ್ ಬಳಗದ ಔಷಧ ಬಾಯಿಗೆ ಹಾಕಿದರೆ ಗಿನಿ ಪಿಗ್ ಸಾಯಬಹುದು. ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾ ನಾಶವಾಗಿ, ಆ ಜಾಗದಲ್ಲಿ ವಿಷ ಕಾರುವ ಬ್ಯಾಕ್ಟೀರಿಯಾ ಬೆಳೆಯುತ್ತದೆ. ಇದು ಗೊತ್ತಾಗಿದ್ದು 1943ರಲ್ಲಿ. ಅದಕ್ಕೂ ಮೂರು ವರ್ಷ ಹಿಂದೆ, 1940ರ ಮೇ 25ರಂದು, ಆಕ್ಸ್‌ಫರ್ಡ್‌ನಲ್ಲಿ ಪೆನಿಸಿಲಿನ್‌ನ ಪ್ರಸಿದ್ಧ ಮೊದಲ ಪ್ರಯೋಗ ರೋಗದ ಬ್ಯಾಕ್ಟೀರಿಯಾ ಚುಚ್ಚಿದ ಎಂಟು ಸುಂಡಿಲಿಗಳ ಮೇಲೆ ನಡೆದಿತ್ತು. ಮರುದಿನ ಬೆಳಗಾಗುವ ಹೊತ್ತಿಗೆ ಔಷಧ ಪಡೆದ ನಾಲ್ಕೂ ಬದುಕಿದ್ದವು, ಪಡೆಯದ ನಾಲ್ಕೂ ಸತ್ತಿದ್ದವು. ಅವತ್ತು ಅವರ ಕೈಗೆ ಸುಂಡಿಲಿ ಬದಲು ಗಿನಿ ಪಿಗ್ ಸಿಕ್ಕಿದ್ದರೆ? ಔಷಧ ಬಲು ವಿಷಕಾರಿ ಎಂದು ಮೂಲೆಗೆ ಸೇರಿರುತ್ತಿತ್ತೋ ಏನೋ.

ಊರು ಮುಟ್ಟಿದ ಮೇಲೆ ಮಕ್ಕಳು ಎತ್ತಿ ಆಡಿಸಲು ಮುಗಿಬೀಳುತ್ತಾರೆ. ಅವತ್ತು ಬಿಟ್ಟುಬಿಡಿ. ಹುಲ್ಲು, ನೀರು ಇಟ್ಟು ದೂರ ಸರಿಯಿರಿ. ಅಡುಗೆ ಮನೆಯ ತಕ್ಕಡಿಯಲ್ಲಿ ಹೊರಡುವ ಮುಂಚೆ ಒಮ್ಮೆ, ಮರುದಿನ ಒಮ್ಮೆ ತೂಗಿದರೆ ತಿಂದಿದೆಯೋ ಇಲ್ಲವೋ ತಿಳಿಯುತ್ತದೆ. ಅರ್ಧ ದಿನ ಏನೂ ತಿನ್ನದಿದ್ದರೆ, ಹಿಕ್ಕೆ ಸಣ್ಣಗಾಗಿದ್ದರೆ ಅಥವಾ ನಿಂತೇಹೋಗಿದ್ದರೆ ನಾಳೆ ನೋಡೋಣ ಅನ್ನಬೇಡಿ. ನಮ್ಮ ಕಡೆಯ ಪಶುವೈದ್ಯರು ಹೆಚ್ಚಾಗಿ ನೋಡುವುದು ದನ, ಎಮ್ಮೆ, ಕುರಿ.  ಹೋಗುವ ಊರಿನಲ್ಲಿ ಮೊಲ, ಗಿನಿ ಪಿಗ್ ನೋಡುವ ಡಾಕ್ಟರ್ ಯಾರು, ರಾತ್ರಿ ಸಿಗುತ್ತಾರೆಯೇ ಎಂದು ಹೊರಡುವ ಮುಂಚೆಯೇ ಫೋನ್ ಮಾಡಿ ಕೇಳಿಟ್ಟುಕೊಳ್ಳಿ.