ಅಧ್ಯಕ್ಷರೂ ಬೇರ್ಜಿನ್ಶ್, ಪ್ರಧಾನಿಯೂ ಬೇರ್ಜಿನ್ಶ್: ಇವರೆಲ್ಲ ಒಂದೇ ಮನೆಯವರಾ?

ಓದುಗರ ಪ್ರಶ್ನೆ: ಲಾಟ್ವಿಯಾ ದೇಶದ ಬಗ್ಗೆ ಏನೇ ಓದಿದರೂ ಬೇರ್ಜಿನ್ಶ್ ಅನ್ನೋ ಹೆಸರು ಎದುರಾಗುತ್ತದೆ. ಆಂಡ್ರಿಸ್ ಬೇರ್ಜಿನ್ಶ್ ಅಂತ ಒಬ್ಬ ಪ್ರಧಾನಿ ಇದ್ದರು. ಅದೇ ಹೆಸರಿನ ಅಧ್ಯಕ್ಷರೂ ಇದ್ದರು. ಒಬ್ಬ ಕವಿ ಬೇರ್ಜಿನ್ಶ್, ಸೋವಿಯತ್ ಕಾಲದ ಬೇಹುಗಾರಿಕೆ ಮುಖ್ಯಸ್ಥನೂ ಬೇರ್ಜಿನ್. ಇವರೆಲ್ಲ ನೆಂಟರಾ?

ಅಲ್ಲ. ಮೊದಲು ಆ ಇಬ್ಬರು ಆಂಡ್ರಿಸ್‌ಗಳ ಗೊಂದಲ ಬಿಡಿಸೋಣ. ಒಬ್ಬರು ರಾಜಧಾನಿ ರೀಗಾದ ಮೇಯರ್ ಆಗಿದ್ದವರು, 2000ದಿಂದ 2002ರವರೆಗೆ ಪ್ರಧಾನಿ. ಇನ್ನೊಬ್ಬರು ಬ್ಯಾಂಕ್ ನಡೆಸುತ್ತಿದ್ದವರು, 2011ರಿಂದ 2015ರವರೆಗೆ ಅಧ್ಯಕ್ಷರು. ನಾನೂ ಮೊದಲ ಸಲ ಓದಿದಾಗ ಒಬ್ಬರೇ ಬಡ್ತಿ ಪಡೆದಿದ್ದಾರೆ ಅಂದುಕೊಂಡಿದ್ದೆ.

ಇನ್ನು ಬೇಹುಗಾರಿಕೆಯ ಮುಖ್ಯಸ್ಥ ಯಾನ್ ಬೇರ್ಜಿನ್ ಕಥೆ ಇನ್ನೂ ಮಜವಾಗಿದೆ. ಆತ ಹುಟ್ಟಿನಿಂದ ಬೇರ್ಜಿನ್ಶ್ ಅಲ್ಲವೇ ಅಲ್ಲ, ಅಸಲಿ ಹೆಸರು ಪೇಟೆರಿಸ್ ಕ್ಯುಜಿಸ್. ಕ್ರಾಂತಿಯ ದಿನಗಳಲ್ಲಿ ಇಟ್ಟುಕೊಂಡ ಹೆಸರು ಇದು. ಮರೆಯಲ್ಲಿರಬೇಕಾದವನಿಗೆ ಊರಲ್ಲೆಲ್ಲ ಇರುವ ಹೆಸರಿಗಿಂತ ಒಳ್ಳೆಯ ಹೆಸರು ಇನ್ಯಾವುದು, ಅಲ್ವಾ? ಆದರೆ ಅದೂ ಅವನನ್ನು ಉಳಿಸಲಿಲ್ಲ. 1938ರಲ್ಲಿ ಸ್ಟಾಲಿನ್ ಆಡಳಿತ ಅವನನ್ನು ಗುಂಡಿಟ್ಟು ಕೊಂದಿತು. ಕವಿ ಉಲ್ಡಿಸ್ ಬೇರ್ಜಿನ್ಶ್ ಬೇರೆಯೇ ವ್ಯಕ್ತಿ. ಕುರಾನನ್ನು ಲಾಟ್ವಿಯನ್ ಭಾಷೆಗೆ ತಂದವರು ಅವರು, 2021ರಲ್ಲಿ ತೀರಿಕೊಂಡರು.

ಹಾಗಾದರೆ ಇಷ್ಟೊಂದು ಜನಕ್ಕೆ ಒಂದೇ ಹೆಸರು ಯಾಕೆ? ಉತ್ತರ ಒಂದು ಮರದಲ್ಲಿದೆ.

ಲಾಟ್ವಿಯನ್ ಭಾಷೆಯಲ್ಲಿ 'ಬೇರ್ಜ್ಸ್' ಅಂದರೆ ಬರ್ಚ್ ಮರ. ಹಳೆಯ ಹಸ್ತಪ್ರತಿಗಳ ವಿಷಯ ಬಂದಾಗ ನಾವು ಭೂರ್ಜಪತ್ರ ಅಂತ ಕೇಳಿರುತ್ತೇವಲ್ಲ, ಅದೇ ಜಾತಿಯ ಮರ. ಬರೀ ಮರವಷ್ಟೇ ಅಲ್ಲ, ಪದವೂ ಒಂದೇ ಬೇರಿನದು. ಸಂಸ್ಕೃತದ ಭೂರ್ಜ, ಲಾಟ್ವಿಯನ್‌ನ ಬೇರ್ಜ್ಸ್, ಇಂಗ್ಲಿಷಿನ ಬರ್ಚ್ ಮೂರೂ ಒಂದೇ ಹಳೆಯ ಪದದಿಂದ ಒಡೆದ ಕವಲುಗಳು. ಬೇರ್ಜ್ಸ್‌ಗೆ 'ಇನ್ಶ್' ಸೇರಿಸಿದರೆ ಮುದ್ದಿನ ರೂಪ: ಬೇರ್ಜಿನ್ಶ್, ಅಂದರೆ ಪುಟ್ಟ ಭೂರ್ಜ.

ಆ ಮರ ಅಲ್ಲಿ ನಮ್ಮ ಹೊಂಗೆ, ಬೇವಿನ ಹಾಗೆ ಎಲ್ಲಿ ನೋಡಿದರಲ್ಲಿ. ಬಿಳಿ ತೊಗಟೆ, ಮೇಲೆ ಮಸಿ ಬಳಿದ ಹಾಗೆ ಕಪ್ಪು ಗೆರೆ. ಚಳಿ ಮುಗಿದು ಹಿಮ ಕರಗುವ ಹೊತ್ತಿಗೆ ಹಳ್ಳಿಯವರು ಕಾಂಡಕ್ಕೆ ಸಣ್ಣ ತೂತು ಕೊರೆದು, ಕೊಳವೆ ಸಿಕ್ಕಿಸಿ, ಕೆಳಗೆ ಪಾತ್ರೆ ಇಡುತ್ತಾರೆ. ತೊಟ್ಟು ತೊಟ್ಟಾಗಿ ರಸ ಇಳಿಯುತ್ತದೆ. ನೋಡಲು ನೀರು, ಕುಡಿದರೆ ತುಸು ಸಿಹಿ. ಬೇಸಿಗೆಯಲ್ಲಿ ಎಲೆ ಸಮೇತ ಕೊಂಬೆಗಳನ್ನು ಕಟ್ಟಿ ಪೊರಕೆ ಮಾಡಿ, ಹಬೆಸ್ನಾನದ ಕೋಣೆಯಲ್ಲಿ ಅದರಿಂದ ಮೈಗೆ ಪಟಪಟ ಬಡಿದುಕೊಳ್ಳುತ್ತಾರೆ. ಇಷ್ಟು ಬಳಕೆಯ ಮರದ ಹೆಸರನ್ನು ನೂರಾರು ಮನೆಗಳು ಇಟ್ಟುಕೊಂಡಿದ್ದರಲ್ಲಿ ಆಶ್ಚರ್ಯವಿಲ್ಲ.

ಇಟ್ಟುಕೊಂಡಿದ್ದು ಯಾವಾಗ ಅನ್ನೋದೇ ಇಲ್ಲಿ ಮುಖ್ಯ. ಇನ್ನೂರು ವರ್ಷಗಳ ಹಿಂದೆ ಲಾಟ್ವಿಯಾದ ಹೆಚ್ಚಿನ ರೈತರಿಗೆ ಸರ್‌ನೇಮ್ ಅನ್ನೋದೇ ಇರಲಿಲ್ಲ. ಅವರು ಜರ್ಮನ್ ಜಮೀನ್ದಾರರ ಜೀತದಲ್ಲಿದ್ದರು. ಗುರುತಿಗೆ ಮನೆಯ ಹೆಸರು ಸಾಕಿತ್ತು. ಗುಡ್ಡದ ಮೇಲಿನ ಮನೆಗೆ 'ಕಲ್ನಿ' ಅಂತ ಹೆಸರಿದ್ದರೆ ಅಲ್ಲಿನ ಯಾನಿಸ್ 'ಕಲ್ನು ಯಾನಿಸ್', ನಾವು ಗುಡ್ಡೆಮನೆ ಯಾನಿಸ್ ಅಂದ ಹಾಗೆ. ಮನೆ ಬಿಟ್ಟು ಬೇರೆ ಕಡೆ ಹೋದರೆ ಹೆಸರೂ ಬದಲಾಗುತ್ತಿತ್ತು.

ಜೀತ ರದ್ದಾಗಿದ್ದು ಕುರ್ಜೆಮೆ ಭಾಗದಲ್ಲಿ 1817ರಲ್ಲಿ, ವಿಡ್ಜೆಮೆಯಲ್ಲಿ 1819ರಲ್ಲಿ. ಜಮೀನೇನೂ ಸಿಗಲಿಲ್ಲ, ಸ್ವಾತಂತ್ರ್ಯ ಮಾತ್ರ ಸಿಕ್ಕಿತು. ಸ್ವತಂತ್ರ ಮನುಷ್ಯನನ್ನು ಲೆಕ್ಕದ ಪುಸ್ತಕದಲ್ಲಿ ಬರೆಯಬೇಕಲ್ಲ, ಅದಕ್ಕೆ ಸರ್‌ನೇಮ್ ಬೇಕಾಯಿತು. ವಿಡ್ಜೆಮೆಯಲ್ಲಿ 1822ರಿಂದ 1826ರೊಳಗೆ, ಕುರ್ಜೆಮೆಯಲ್ಲಿ 1835ರ ಹೊತ್ತಿಗೆ ಈ ಕೆಲಸ ಮುಗಿಯಿತು. ಅಂದರೆ ಕೆಲವೇ ವರ್ಷಗಳಲ್ಲಿ ಊರಿಗೆ ಊರೇ ಹೆಸರು ಹುಡುಕಬೇಕಾಯಿತು. ಕಣ್ಣೆತ್ತಿದರೆ ಕಂಡಿದ್ದು ಮರ, ಗುಡ್ಡ, ಹಕ್ಕಿ. ಅದನ್ನೇ ಬರೆಸಿದರು. ಒಂದು ಊರಿನ ಬೇರ್ಜಿನ್ಶ್‌ಗೂ ನೂರು ಮೈಲಿ ಆಚೆಯ ಬೇರ್ಜಿನ್ಶ್‌ಗೂ ಒಂದೇ ಥರದ ಮರ ಕಂಡಿತ್ತು ಅನ್ನೋದಷ್ಟೇ ಸಂಬಂಧ. ಇದರ ತಿರುಗುಮುರುಗೂ ನಡೆದಿದೆ. ಒಡಹುಟ್ಟಿದ ಅಣ್ಣತಮ್ಮಂದಿರು ಬೇರೆ ಬೇರೆ ಜಮೀನ್ದಾರರ ಕೈಕೆಳಗಿದ್ದರೆ ಅವರಿಗೆ ಬೇರೆ ಬೇರೆ ಸರ್‌ನೇಮ್ ಬಿದ್ದಿದ್ದೂ ಉಂಟು.

ಹೀಗಾಗಿ ಲಾಟ್ವಿಯಾದ ಗಣ್ಯರ ಪಟ್ಟಿ ಓದಿದರೆ ಕಾಡಲ್ಲಿ ಓಡಾಡಿದ ಹಾಗಾಗುತ್ತದೆ. 1996ರಲ್ಲಿ ಅಮೆರಿಕದ ಐಸ್ ಹಾಕಿಯ ದೊಡ್ಡ ಕಪ್, ಸ್ಟಾನ್ಲಿ ಕಪ್, ಗೆದ್ದ ತಂಡದಲ್ಲಿದ್ದ ಸಾಂಡಿಸ್ ಓಜೋಲಿನ್ಶ್ 'ಪುಟ್ಟ ಓಕ್'. 1919ರಲ್ಲಿ ರೀಗಾದ ಸಂಗೀತ ಶಾಲೆ ಕಟ್ಟಿದ ಯಾಜೆಪ್ಸ್ ವೀಟೋಲ್ಸ್ 'ವಿಲೋ ಮರ'. 2014ರಲ್ಲಿ ಫ್ರೆಂಚ್ ಓಪನ್ ಸೆಮಿಫೈನಲ್ ತಲುಪಿದ ಟೆನಿಸ್ ಆಟಗಾರ ಎರ್ನೆಸ್ಟ್ಸ್ ಗುಲ್ಬಿಸ್ 'ಹಂಸ'. ನನಗೆ ಜಾಸ್ತಿ ಇಷ್ಟವಾದದ್ದು ಗಿಂಟ್ಸ್ ಜಿಲ್ಬಾಲೋಡಿಸ್. ಬೆಕ್ಕೊಂದು ಪ್ರವಾಹದಲ್ಲಿ ದಾರಿ ಹುಡುಕುವ, ಒಂದೂ ಮಾತಿಲ್ಲದ ಅನಿಮೇಷನ್ ಚಿತ್ರಕ್ಕೆ 2025ರಲ್ಲಿ ಆಸ್ಕರ್ ಗೆದ್ದರಲ್ಲ, ಅವರೇ. ಜಿಲ್ಸ್ ಅಂದರೆ ನೀಲಿ, ಬಾಲೋಡಿಸ್ ಅಂದರೆ ಪಾರಿವಾಳ. ನೀಲಿ ಪಾರಿವಾಳ ಅನ್ನೋ ಹೆಸರಿನ ಮನುಷ್ಯ ಬೆಕ್ಕಿನ ಕಥೆ ಹೇಳಿದ್ದಾರೆ!

ಕಸುಬಿನ ಹೆಸರುಗಳೂ ಇವೆ. ಕಲೇಯ್ಸ್ ಅಂದರೆ ಕಮ್ಮಾರ, ಪೋಡ್ನಿಯೆಕ್ಸ್ ಅಂದರೆ ಕುಂಬಾರ. ಜರ್ಮನ್ ಗುರುತು ಉಳಿದ ಹೆಸರುಗಳೂ ಸಾಕಷ್ಟು. ಫ್ರೈಮಾನಿಸ್ ಅಂದರೆ ಸ್ವತಂತ್ರ ಮನುಷ್ಯ.

ಒಂದೇ ಸರ್‌ನೇಮ್ ಇದ್ದವರು ನೆಂಟರಲ್ಲ ಅಂತಾಯಿತು. ಈಗ ಉಲ್ಟಾ ನೋಡಿ: ಬೇರೆ ಬೇರೆ ಸರ್‌ನೇಮ್ ಇರುವ ಹಾಗೆ ಕಾಣುವವರು ಗಂಡ ಹೆಂಡತಿಯೇ ಇರಬಹುದು.

ಯಾಕೆಂದರೆ ಅಲ್ಲಿ ಸರ್‌ನೇಮಿಗೂ ಗಂಡು ಹೆಣ್ಣು ಅಂತ ಇದೆ. ಅಪ್ಪ ಬೇರ್ಜಿನ್ಶ್ ಆದರೆ ಅಮ್ಮ ಬೇರ್ಜಿನ್ಯ. ಮಗ ಬೇರ್ಜಿನ್ಶ್, ಮಗಳು ಬೇರ್ಜಿನ್ಯ. ಕೊನೆಯಲ್ಲಿ 'ಇಸ್' ಬಂದರೆ ಹೆಣ್ಣಿಗೆ ಸಾಮಾನ್ಯವಾಗಿ 'ಎ' ಆಗುತ್ತದೆ: ಹಂಸದ ಮನೆಯಲ್ಲಿ ಅಣ್ಣ ಗುಲ್ಬಿಸ್, ತಂಗಿ ಗುಲ್ಬೆ. 1999ರಿಂದ 2007ರವರೆಗೆ ಅಧ್ಯಕ್ಷೆಯಾಗಿದ್ದ ವೈರಾ ವೀಕ್ಯೆ-ಫ್ರೈಬೆರ್ಗಾ ಅವರ ಹೆಸರಲ್ಲಿ ಎರಡೂ ಒಟ್ಟಿಗೆ ಸಿಗುತ್ತವೆ. ತವರಿನ ವೀಕ್ಯಿಸ್ ವೀಕ್ಯೆ ಆಗಿದೆ, ಗಂಡ ಇಮಾಂಟ್ಸ್ ಫ್ರೈಬೆರ್ಗ್ಸ್ ಅವರ ಹೆಸರು ಫ್ರೈಬೆರ್ಗಾ ಆಗಿದೆ.

ಇದಕ್ಕೆ ಅಪವಾದಗಳೂ ಇವೆ. ಬ್ಯಾಲೆ ನರ್ತಕ ಮಾರಿಸ್ ಲಿಯೆಪಾ ಗಂಡಸೇ, ಆದರೂ ಹೆಸರು 'ಆ'ದಲ್ಲಿ ಮುಗಿಯುತ್ತದೆ. ಲಿಯೆಪಾ ಅಂದರೆ ಲಿಂಡೆನ್ ಮರ, ಜನಪದ ಹಾಡುಗಳಲ್ಲಿ ಹೆಣ್ಣಿನ ಗುರುತು. ಓಕ್ ಗಂಡಿನ ಗುರುತು. ಮಾರಿಸ್ ಅವರ ಮಗ ಆಂಡ್ರಿಸ್, ಮಗಳು ಇಲ್ಜೆ ಇಬ್ಬರೂ ನರ್ತಕರೇ, ಇಬ್ಬರೂ ಲಿಯೆಪಾಗಳೇ. ಟಾಗೋರರನ್ನು ಲಾಟ್ವಿಯನ್‌ಗೆ ತಂದ ಕಾರ್ಲಿಸ್ ಎಗ್ಲೆ ಕೂಡ ಇದೇ ಸಾಲಿನವರು. ಎಗ್ಲೆ ಅಂದರೆ ಸ್ಪ್ರೂಸ್ ಮರ.

ಹೊರಗಿನವರ ಹೆಸರನ್ನೂ ಲಾಟ್ವಿಯನ್ ಭಾಷೆ ಸುಮ್ನೆ ಬಿಡುವುದಿಲ್ಲ. ನಾವು ಬಸ್ ಅನ್ನು ಬಸ್ಸು, ಕಾರ್ ಅನ್ನು ಕಾರು ಮಾಡಿಕೊಂಡ ಹಾಗೆ ಅವರು ಬಾಲಕ್ಕೆ 'ಸ್' ಅಂಟಿಸುತ್ತಾರೆ. ಬಾಲವಿಲ್ಲದೆ ವಿಭಕ್ತಿ ಹಚ್ಚುವುದು ಕಷ್ಟ, ನಮ್ಮ ಹಾಗೇ. ಷೇಕ್ಸ್‌ಪಿಯರ್ ಅಲ್ಲಿ ವಿಲಿಯಮ್ಸ್ ಷೆಕ್ಸ್‌ಪೀರ್ಸ್. ಟ್ರಂಪ್ ಡೊನಾಲ್ಡ್ಸ್ ಟ್ರಂಪ್ಸ್. ಏಂಜೆಲಾ ಮರ್ಕೆಲ್ ಹೆಂಗಸಾದ್ದರಿಂದ ಮೆರ್ಕೆಲೆ. ರೀಗಾದಲ್ಲಿ ಹುಟ್ಟಿದ ಚೆಸ್ ವಿಶ್ವ ಚಾಂಪಿಯನ್ ಮಿಖಾಯಿಲ್ ತಾಲ್, ಅಂದರೆ ನಮ್ಮ ವಿಶ್ವನಾಥನ್ ಆನಂದ್ ಹುಡುಗನಾಗಿದ್ದಾಗ ಆಡಿದ ಮದ್ರಾಸಿನ ಕ್ಲಬ್ಬಿಗೆ ಯಾರ ಹೆಸರಿತ್ತೋ ಅವರೇ, ಅಲ್ಲಿ ತಾಲ್ಸ್. ಆ ಪದಕ್ಕೆ ಲಾಟ್ವಿಯನ್‌ನಲ್ಲಿ 'ದೂರದ' ಅನ್ನೋ ಅರ್ಥವೂ ಇದೆ.

ಪುಸ್ತಕದಲ್ಲಿ ಇದು ತಮಾಷೆ, ಪಾಸ್‌ಪೋರ್ಟಿನಲ್ಲಿ ತಲೆನೋವು. ಜರ್ಮನ್ ಗಂಡನನ್ನು ಮದುವೆಯಾದ ಲಾಟ್ವಿಯನ್ ಮಹಿಳೆಯೊಬ್ಬರ ಪಾಸ್‌ಪೋರ್ಟಿನಲ್ಲಿ ಗಂಡನ ಹೆಸರಿನ ಕಾಗುಣಿತವೂ ಬದಲಾಯಿತು, ಬಾಲವೂ ಸೇರಿತು. ಗಂಡ ಹೆಂಡತಿ ಅಂತ ತೋರಿಸುವುದೇ ಕಷ್ಟವಾಗುತ್ತದೆ ಅಂತ ಅವರು ಯುರೋಪಿನ ಮಾನವ ಹಕ್ಕು ನ್ಯಾಯಾಲಯದವರೆಗೂ ಹೋದರು. 2004ರಲ್ಲಿ ಅವರ ದೂರು ತಿರಸ್ಕಾರವಾಯಿತು. ಮೂಲ ಕಾಗುಣಿತವನ್ನು ಪಾಸ್‌ಪೋರ್ಟಿನ ಇನ್ನೊಂದು ಪುಟದಲ್ಲಿ ಬರೆಸಿಕೊಳ್ಳಲು ಅವಕಾಶವಿತ್ತು. ಇಲ್ಲಿ ನನ್ನ ಸಹಾನುಭೂತಿ ಆ ಹೆಂಗಸಿನ ಕಡೆಗೇ. ವ್ಯಾಕರಣ ಮುಖ್ಯ, ನಿಜ. ಆದರೆ ವಿಮಾನ ನಿಲ್ದಾಣದ ಕೌಂಟರಿನಲ್ಲಿ ವ್ಯಾಕರಣ ಪಾಠ ಮಾಡುತ್ತಾ ನಿಲ್ಲುವವರು ನಾವಲ್ಲವಲ್ಲ.

ಎರಡನೇ ಮಹಾಯುದ್ಧದಲ್ಲಿ ದೇಶ ಬಿಟ್ಟವರ ಮನೆಗಳಲ್ಲಿ ಇದೇ ಕಥೆ ತಲೆಕೆಳಗಾಯಿತು. ಹೋದ ದೇಶದ ಗುಮಾಸ್ತರಿಗೆ ಗಂಡು ಹೆಣ್ಣಿನ ಬಾಲ ಗೊತ್ತಿರಲಿಲ್ಲ, ಮನೆಮಂದಿಗೆಲ್ಲ ಅಪ್ಪನ ಹೆಸರೇ ನಿಂತಿತು. ಆಸ್ಟ್ರೇಲಿಯಾಕ್ಕೆ ಈಜಿನಲ್ಲಿ ಹೆಸರು ತಂದ ಜಾನ್ ಕೊನ್ರಾಡ್ಸ್, ಇಲ್ಸಾ ಕೊನ್ರಾಡ್ಸ್ ಅಣ್ಣತಂಗಿ. 2003ರಿಂದ 2006ರವರೆಗೆ ಸ್ವೀಡನ್ನಿನ ವಿದೇಶಾಂಗ ಸಚಿವೆಯಾಗಿದ್ದ, ರೀಗಾದಲ್ಲಿ ಹುಟ್ಟಿದ ಲೈಲಾ ಫ್ರೈವಾಲ್ಡ್ಸ್ ಅವರದ್ದೂ ಗಂಡಸಿನ ರೂಪವೇ.

ಹಾಗಂತ ಸರ್‌ನೇಮ್ ನೋಡಿ ನೆಂಟಸ್ತನ ಹೇಳಲು ಆಗುವುದೇ ಇಲ್ಲ ಅಂತಲ್ಲ. ವಾದ್ಯವೃಂದದ ನಿರ್ದೇಶಕ ಮಾರಿಸ್ ಯಾನ್ಸೊನ್ಸ್ ಅವರ ತಂದೆ ಅರ್ವೀಡ್ಸ್ ಯಾನ್ಸೊನ್ಸ್ ಕೂಡ ವಾದ್ಯವೃಂದ ನಡೆಸುತ್ತಿದ್ದವರೇ. 1920ರಲ್ಲಿ ಮೊದಲ ಲಾಟ್ವಿಯನ್ ಒಪೆರಾ ಕೊಟ್ಟ ಆಲ್‌ಫ್ರೇಡ್ಸ್ ಕಲ್ನಿನ್ಶ್ ಅವರ ಮಗ ಯಾನಿಸ್ ಕಲ್ನಿನ್ಶ್ ಕೂಡ ಸಂಗೀತಗಾರರೇ. ಯುದ್ಧದ ನಂತರ ಅವರು ಕೆನಡಾಕ್ಕೆ ಹೋಗಿ ನೆಲೆಸಿದರು.

ಆದರೆ ಹೆಸರು ನಿಜಕ್ಕೂ ರಕ್ತಸಂಬಂಧ ಹೇಳುವ, ಅದಕ್ಕೇ ಹೆದರಬೇಕಾಗಿ ಬಂದ ಮನೆ ಉಲ್ಮಾನಿಸ್‌ರದು. ಕಾರ್ಲಿಸ್ ಉಲ್ಮಾನಿಸ್ 1918ರಲ್ಲಿ ಸ್ವತಂತ್ರ ಲಾಟ್ವಿಯಾದ ಮೊದಲ ಪ್ರಧಾನಿ. 1934ರಲ್ಲಿ ಸಂಸತ್ತನ್ನು ಮುಚ್ಚಿ ಅಧಿಕಾರವನ್ನೆಲ್ಲ ಕೈಗೆ ತೆಗೆದುಕೊಂಡರು. 1940ರಲ್ಲಿ ಸೋವಿಯತ್ ಸೇನೆ ಬಂತು, ಅವರನ್ನು ಹೊತ್ತೊಯ್ದರು, 1942ರಲ್ಲಿ ಸೆರೆಯಲ್ಲೇ ಸತ್ತರು. ಅವರ ಅಣ್ಣನ ಮೊಮ್ಮಗ ಗುಂಟಿಸ್ ಆಗಿನ್ನೂ ಪುಟ್ಟ ಮಗು. 1941ರಲ್ಲಿ ಆ ಮನೆಯವರನ್ನೆಲ್ಲ ಸೈಬೀರಿಯಾಕ್ಕೆ ಸಾಗಿಸಿದರು. ವಾಪಸ್ ಬಂದ ಮೇಲೆ ತಾಯಿ ಮರುಮದುವೆಯಾದರು, ಹುಡುಗನ ಸರ್‌ನೇಮ್ ರುಂಪೀಟಿಸ್ ಅಂತ ಬದಲಾಯಿತು. ಆ ಕಾಲಕ್ಕೆ ಅದೇ ಕ್ಷೇಮ. ಬೆಳೆದ ಮೇಲೆ ಹುಡುಗ ತಾನಾಗಿಯೇ ಹಳೆಯ ಹೆಸರನ್ನು ವಾಪಸ್ ಪಡೆದ. ದೇಶ ಮತ್ತೆ ಸ್ವತಂತ್ರವಾದ ಮೇಲೆ, 1993ರಲ್ಲಿ, ಸಂಸತ್ತು ಅಧ್ಯಕ್ಷರನ್ನು ಆರಿಸಿತು. ಆಯ್ಕೆಯಾದವರ ಹೆಸರು ಗುಂಟಿಸ್ ಉಲ್ಮಾನಿಸ್.